ಸಿಸ್ಟರ್‌ಗಳ ಬದುಕು ತೋರಿಸುವ ಸಿನಿಮಾ ಬೇಕು

ಮಾನ್ಯ ಸಂಪಾದಕರೇ,

ಮೊನ್ನೆ ರಾತ್ರಿ ಟಿವಿಯಲ್ಲಿ ಒಂದು ದೆವ್ವದ ಸಿನಿಮಾ ಬರುತ್ತಿತ್ತು. ದೆವ್ವಕ್ಕೆ ಕನ್ಯಾಸ್ತ್ರೀಯರ ಉಡುಪು ಹಾಕಿದ್ದರು. ಏಳು ವರ್ಷದ ಮೊಮ್ಮಗಳು ನನ್ನ ಸೆರಗು ಹಿಡಿದುಕೊಂಡು, "ಅಜ್ಜಿ, ನಿನಗೆ ಕಲಿಸಿದ ಸಿಸ್ಟರ್ ಕೂಡ ಹೀಗೇ ಇದ್ರಾ?" ಎಂದು ಕೇಳಿದಳು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅದಕ್ಕೇ ಈ ಪತ್ರ.

ನಾನು ನರ್ಸಿಂಗ್ ಕಲಿತದ್ದು ಸಿಸ್ಟರ್‌ಗಳ, ಅಂದರೆ ಕನ್ಯಾಸ್ತ್ರೀಯರ ಕೈಕೆಳಗೆ. ಸಿನಿಮಾದಲ್ಲಿ ಅವರು ಹಾಡುತ್ತಾರೆ, ಮಕ್ಕಳನ್ನು ಗದರಿಸುತ್ತಾರೆ, ಈಗಂತೂ ಹೆದರಿಸುತ್ತಾರೆ. ಆದರೆ ಒಬ್ಬ ಹುಡುಗಿ ಮನೆಮಂದಿಯನ್ನು ಬಿಟ್ಟು ಯಾಕೆ ಕಾನ್ವೆಂಟ್ ಸೇರುತ್ತಾಳೆ, ಸೇರಿದ ಮೇಲೆ ಅವಳ ಒಳಗೆ ಏನಾಗುತ್ತದೆ? ಇದನ್ನು ತಾಳ್ಮೆಯಿಂದ ನೋಡಿದ ಸಿನಿಮಾಗಳು ಕಡಿಮೆ.

ನಾನು ನೋಡಿದ್ದರಲ್ಲಿ ಮನಸ್ಸಿಗೆ ಹಿಡಿಸಿದ್ದು 1959ರ 'ದಿ ನನ್ಸ್ ಸ್ಟೋರಿ'. ನಿರ್ದೇಶಕ ಫ್ರೆಡ್ ಜಿನ್ನೆಮನ್, ನಾಯಕಿ ಆಡ್ರೆ ಹೆಪ್‌ಬರ್ನ್. ಬೆಲ್ಜಿಯಂನ ದೊಡ್ಡ ಸರ್ಜನ್ ಒಬ್ಬರ ಮಗಳು ಕಾನ್ವೆಂಟ್ ಸೇರಿ ಸಿಸ್ಟರ್ ಲೂಕ್ ಆಗುತ್ತಾಳೆ. ಕಾಂಗೋಗೆ ಹೋಗಿ ನರ್ಸ್ ಆಗಬೇಕು ಅನ್ನುವುದು ಅವಳ ಆಸೆ. ಕೂದಲು ಕತ್ತರಿಸುವುದು, ತನ್ನ ತಪ್ಪನ್ನು ತಾನೇ ಪುಸ್ತಕದಲ್ಲಿ ಬರೆದಿಡುವುದು, ಗಂಟೆ ಬಾರಿಸಿದ ಕೂಡಲೇ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸುವುದು, ಎಲ್ಲವನ್ನೂ ಅವಸರವಿಲ್ಲದೆ ತೋರಿಸಿದ್ದಾರೆ. ಒಂದು ಕಡೆ ಮದರ್ (ಸಿಸ್ಟರ್‌ಗಳ ಮುಖ್ಯಸ್ಥೆ) ಅವಳಿಗೆ, ಅಹಂಕಾರ ಬಿಡಬೇಕಾದರೆ ವೈದ್ಯಕೀಯ ಪರೀಕ್ಷೆಯಲ್ಲಿ ಬೇಕೆಂದೇ ಫೇಲ್ ಆಗು ಅನ್ನುತ್ತಾರೆ. ಅವಳ ಕೈಲಿ ಆಗುವುದಿಲ್ಲ. ಆ ದೃಶ್ಯ ನೋಡುವಾಗ ನನ್ನ ಕರುಳು ಹಿಂಡಿದಂತಾಯಿತು. ಕಷ್ಟಪಟ್ಟು ಕಲಿತದ್ದನ್ನು ಗೊತ್ತಿಲ್ಲ ಎಂದು ಬರೆಯುವುದು ಯಾವ ನರ್ಸ್‌ಗೆ ಸಾಧ್ಯ?

ಮುಂದೆ ಯುದ್ಧ ಬರುತ್ತದೆ. ಅವಳ ತಂದೆ ಜರ್ಮನ್ ಸೈನಿಕರ ಗುಂಡಿಗೆ ಬಲಿಯಾಗುತ್ತಾರೆ. ಕ್ಷಮಿಸಲು ತನ್ನಿಂದ ಆಗುತ್ತಿಲ್ಲ ಎಂದು ಗೊತ್ತಾದಾಗ ಅವಳು ಕಾನ್ವೆಂಟ್ ಬಿಡುತ್ತಾಳೆ. ಕೊನೆಯಲ್ಲಿ ಉಡುಪು ಬದಲಿಸಿ, ಬಾಗಿಲು ದಾಟಿ, ಒಬ್ಬಳೇ ಬೀದಿಯಲ್ಲಿ ನಡೆದು ಹೋಗುತ್ತಾಳೆ. ಹಿನ್ನೆಲೆ ಸಂಗೀತವೂ ಇಲ್ಲ. ಅವಳು ಸೋತಳು ಎಂದೋ ಗೆದ್ದಳು ಎಂದೋ ಸಿನಿಮಾ ಹೇಳುವುದಿಲ್ಲ. ಹೀಗೆ ಗೌರವ ಇಟ್ಟು ತೋರಿಸಬೇಕು, ಅಲ್ವಾ?

ನಮ್ಮ ಹಾಸ್ಟೆಲಿನ ಸಿಸ್ಟರ್ ಒಬ್ಬರ ನೆನಪು ಬಂತು. ಒಂದು ದಿನ ಅವರಿಗೆ ಊರಿಂದ ಕಾಗದ ಬಂತು. ಓದಿದರು, ಮಡಚಿ ಕಿಸೆಯಲ್ಲಿಟ್ಟುಕೊಂಡರು, ವಾರ್ಡ್‌ಗೆ ಬಂದು ನಮಗೆ ಡ್ರೆಸ್ಸಿಂಗ್ ಕಲಿಸಿದರು. ಅವರ ಅಮ್ಮ ತೀರಿಕೊಂಡಿದ್ದರು ಎಂದು ನಮಗೆ ತಿಳಿದದ್ದು ವಾರ ಕಳೆದ ಮೇಲೆ. ಆಗ ಅವರನ್ನು ಕಲ್ಲುಮನಸ್ಸಿನವರು ಅಂದುಕೊಂಡಿದ್ದೆವು. ಈ ಸಿನಿಮಾ ನೋಡಿದ ಮೇಲೆ ನನಗೆ ಅವರು ಬೇರೆಯೇ ಆಗಿ ಕಂಡರು.

ಪೋಲೆಂಡಿನ 'ಇಡಾ' ಕೂಡ ನೋಡಬೇಕಾದ್ದು. ಇನ್ನೇನು ವ್ರತ ಸ್ವೀಕರಿಸಬೇಕು ಅನ್ನುವಾಗ ಅನಾಥೆ ಹುಡುಗಿಗೆ ತಾನು ಯಹೂದಿ ಎಂದು ತಿಳಿಯುವ ಕಥೆ. 2015ರಲ್ಲಿ ಇದಕ್ಕೆ ಆಸ್ಕರ್ ಬಂತು. ನಮ್ಮ ದೇಶದ್ದೇ ಆದರೆ 2023ರ 'ದಿ ಫೇಸ್ ಆಫ್ ದಿ ಫೇಸ್‌ಲೆಸ್' ಇದೆ. ಕೇರಳದ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ಬಡ ಆದಿವಾಸಿಗಳ ಜೊತೆ ಸಾಲ ಕೊಡುವವರ ವಿರುದ್ಧ ನಿಂತರು. 1995ರ ಫೆಬ್ರುವರಿ 25ರಂದು ಬಸ್ಸಿನಲ್ಲಿ ಅವರನ್ನು ಇರಿದು ಕೊಂದರು. ಅವರ ತಂಗಿಯೂ ಸಿಸ್ಟರ್. ಆಕೆ ಜೈಲಿಗೆ ಹೋಗಿ ಕೊಂದವನ ಕೈಗೆ ರಾಖಿ ಕಟ್ಟಿದರು. ಇಂಥ ಕಥೆ ಇರುವಾಗ ದೆವ್ವದ ಕಥೆ ಯಾಕೆ ಬೇಕು?

ಬೆಥನಿ ಸಿಸ್ಟರ್‌ಗಳ ಸಂಸ್ಥೆ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲೇ, 1921ರಲ್ಲಿ. ಅದೇ ವರ್ಷ ಕಾರ್ಮೆಲ್ ಸಿಸ್ಟರ್‌ಗಳು ಇಲ್ಲಿ ಹೆಣ್ಣುಮಕ್ಕಳಿಗೆ ಸೇಂಟ್ ಆಗ್ನೆಸ್ ಕಾಲೇಜು ತೆರೆದರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಅವರಿಂದ ಓದಿದ ಅಜ್ಜಿಯರಿದ್ದಾರೆ. ಅವರ ಬದುಕನ್ನು ಹತ್ತಿರದಿಂದ ನೋಡಿ ಕನ್ನಡದ ನಿರ್ದೇಶಕರು ಯಾರಾದರೂ ಸಿನಿಮಾ ಮಾಡಲಿ. ಸುಮ್ನೆ ಹೊಗಳುವುದು ಬೇಡ, ಜಗಳ, ನೋವು, ಸಂಶಯ ಎಲ್ಲವೂ ಇರಲಿ. ಅಲ್ಲಿಯವರೆಗೆ ಊರಿನ ಫಿಲ್ಮ್ ಸೊಸೈಟಿಗಳು ಮೇಲೆ ಹೇಳಿದ ಮೂರು ಸಿನಿಮಾಗಳನ್ನಾದರೂ ಕನ್ನಡ ಸಬ್‌ಟೈಟಲ್ ಹಾಕಿ ತೋರಿಸಲಿ. ನಿಮ್ಮ ಸಿನಿಮಾ ಪುರವಣಿಯಲ್ಲೂ ಇವುಗಳ ಬಗ್ಗೆ ಬರೆಸಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ನಿವೃತ್ತ ನರ್ಸ್, ಮಂಗಳೂರು