ಮಕ್ಕಳು ಬೀಳುವ ಜಾಗಕ್ಕೆ ಮರಳು ಬೇಕು: ನಮ್ಮ ಶಾಲೆಯ ಮನವಿ

ಊರಿನ ಹಿರಿಯರಿಗೆ, ನಮ್ಮ ಶಾಲೆಯಲ್ಲಿ ಓದಿ ಹೋದವರಿಗೆ, ಸುತ್ತಲಿನ ತೋಟದವರಿಗೆ ನಮಸ್ಕಾರ.

ಮೂಡಿಗೆರೆ ತಾಲೂಕಿನ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಜಾರುಬಂಡೆಗೆ ಈಗ ಹಗ್ಗ ಕಟ್ಟಿದೆ. ಹೋದ ವರ್ಷ ಮೂರನೇ ತರಗತಿಯ ಹುಡುಗಿಯೊಬ್ಬಳು ಅದರ ಮೇಲಿನ ಮೆಟ್ಟಿಲಿನಿಂದ ಬಿದ್ದು ಮುಂಗೈ ಮೂಳೆ ಮುರಿದುಕೊಂಡಳು. ಕೈ ಕೂಡಿದೆ, ಈಗ ಚೆನ್ನಾಗಿದ್ದಾಳೆ. ಆದರೆ ಅಂದಿನಿಂದ ಮೇಷ್ಟ್ರಿಗೂ ಭಯ, ಮನೆಯವರಿಗೂ ಭಯ. ಆಟದ ಪೀರಿಯಡ್ ಬಂತೆಂದರೆ "ಹತ್ತಬೇಡಿ, ಓಡಬೇಡಿ, ಸುಮ್ನೆ ಕೂತ್ಕೊಳ್ಳಿ" ಅನ್ನುವುದೇ ಜಾಸ್ತಿಯಾಗಿದೆ. ಹೀಗೇ ಬಿಟ್ಟರೆ ಮಕ್ಕಳು ಆಟವನ್ನೇ ಮರೆಯುತ್ತಾರೆ. ಅದಕ್ಕೇ ಅವರು ಬೀಳುವ ನೆಲವನ್ನೇ ಸರಿಮಾಡೋಣ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎಲ್ಲರೂ ಒಪ್ಪಿದ್ದೇವೆ.

ಶಾಲೆಗೆ ಆಟದ ಮೈದಾನ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಮೈದಾನ ನಮಗಿದೆ. ಆದರೆ ಜಾರುಬಂಡೆಯ ಕೆಳಗಿನ ಕೆಮ್ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತಾಗುತ್ತದೆ, ಮಳೆಗಾಲದಲ್ಲಿ ಕಾಲಿಟ್ಟರೆ ಜಾರುತ್ತದೆ. ಮಣ್ಣು ಕೊಚ್ಚಿಹೋಗಿ ಕಂಬದ ಬುಡದ ಕಾಂಕ್ರೀಟ್ ಮೇಲೆದ್ದು ಕಾಣುತ್ತಿದೆ. ಅಲ್ಲಿ ತಲೆ ಬಡಿದರೆ ಏನಾಗಬಹುದು ಅಂತ ಯೋಚಿಸುವುದಕ್ಕೂ ಆಗುವುದಿಲ್ಲ.

"ನಾವೆಲ್ಲ ಮಣ್ಣಲ್ಲೇ ಬಿದ್ದು ಬೆಳೆದವರಲ್ವಾ?" ಎಂದು ಕೆಲವರು ಕೇಳಿದರು. ನಿಜ. ಓಡುವಾಗ ಎಡವಿ ಬಿದ್ದರೆ ಮಂಡಿ ತರಚುತ್ತದೆ, ಅಷ್ಟೆ. ಎತ್ತರದಿಂದ ಬೀಳುವುದು ಬೇರೆ. ಆಟದ ಮೈದಾನಗಳಲ್ಲಿ ಮಕ್ಕಳಿಗೆ ಆಗುವ ಗಾಯಗಳಲ್ಲಿ ಹೆಚ್ಚಿನವು ಬೀಳುವುದರಿಂದಲೇ ಆಗುತ್ತವೆ. ಅದಕ್ಕೇ ಕಬಡ್ಡಿ, ಖೋಖೋ, ಲಗೋರಿ ಆಡುವ ಜಾಗವನ್ನು ನಾವು ಮುಟ್ಟುವುದಿಲ್ಲ, ಅಲ್ಲಿ ನಮ್ಮ ಮಣ್ಣೇ ಸಾಕು. ಹತ್ತಿ ಇಳಿಯುವ ಜಾಗಕ್ಕೆ ಮಾತ್ರ ಮೆತ್ತನೆಯ ನೆಲ ಬೇಕು. ಹುಲ್ಲು ಬೆಳೆಸಿದರೆ ಸಾಲದು. ಮಕ್ಕಳು ದಿನವೂ ತುಳಿಯುವ ಕಡೆ ಹುಲ್ಲು ನಿಲ್ಲುವುದಿಲ್ಲ, ಕೆಳಗಿನ ಮಣ್ಣು ಮತ್ತೆ ಗಟ್ಟಿಯಾಗುತ್ತದೆ.

ದಾನಿಗಳೊಬ್ಬರು ನೆಲಕ್ಕೆ ಸಿಮೆಂಟ್ ಇಟ್ಟಿಗೆಯ ಇಂಟರ್‌ಲಾಕ್ ಹಾಕಿಸಿಕೊಡುತ್ತೇನೆ ಎಂದು ಮುಂದೆ ಬಂದಿದ್ದರು. ಅವರದು ದೊಡ್ಡ ಮನಸ್ಸು. ಆದರೆ ಜಾರುಬಂಡೆಯ ಕೆಳಗೆ ಇಂಟರ್‌ಲಾಕ್ ಹಾಕುವುದೂ ಒಂದೇ, ಸಿಮೆಂಟ್ ಹಾಕುವುದೂ ಒಂದೇ. ನೋಡಲು ಅಚ್ಚುಕಟ್ಟು, ಬಿದ್ದ ಮಗುವಿಗೆ ಬಂಡೆ. ಕೈಮುಗಿದು ಬೇಡ ಎಂದೆವು. ಅವರೇ ಈಗ ಮರಳಿಗೆ ಸಹಾಯ ಮಾಡುತ್ತೇನೆ ಎಂದಿದ್ದಾರೆ.

ಮರದ ಚಕ್ಕೆಯ ಮಾತೂ ಬಂತು. ಬೇರೆ ದೇಶಗಳಲ್ಲಿ ಅದನ್ನು ತುಂಬಾ ಬಳಸುತ್ತಾರೆ, ಮರಳಿಗಿಂತ ಚೆನ್ನಾಗಿ ಏಟು ತಡೆಯುತ್ತದೆ ಕೂಡ. ನಮ್ಮ ತೋಟಗಳಲ್ಲಿ ಸಿಲ್ವರ್ ಓಕ್‌ಗೆ ಬರವಿಲ್ಲ. ಆದರೆ ಮಲೆನಾಡಿನ ಮಳೆಗೆ ಚಕ್ಕೆ ಬೇಗ ಕೊಳೆಯುತ್ತದೆ, ಸಿಲ್ವರ್ ಓಕ್ ಹುಡಿ ಕೆಲವರ ಚರ್ಮಕ್ಕೆ ತುರಿಕೆ ತರಿಸುತ್ತದೆ. ಅದಕ್ಕೇ ಮರಳನ್ನೇ ಆರಿಸಿದೆವು.

ಮರಳಿಗೂ ಅದರದೇ ಲೆಕ್ಕವಿದೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಕೈಪಿಡಿಯ ಪ್ರಕಾರ 9 ಇಂಚು ಮರಳು 4 ಅಡಿ ಎತ್ತರದಿಂದ ಬೀಳುವ ಮಗುವನ್ನು ಕಾಯುತ್ತದೆ, ಅದಕ್ಕಿಂತ ಎತ್ತರವಾದರೆ ಸಾಲದು. ತುಂಬಿದ ಮರಳು ಕಾಲು ಭಾಗದಷ್ಟು ಕುಗ್ಗುವುದರಿಂದ ಮೊದಲೇ 12 ಇಂಚು ತುಂಬಬೇಕು. ಆಟಿಕೆಯ ಸುತ್ತ ಎಲ್ಲಾ ಕಡೆ 6 ಅಡಿ ಜಾಗ ಬಿಡಬೇಕು. ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಆಗುವುದಿಲ್ಲ. ಅದರ ಕಾಳು ಮೂಲೆಮೂಲೆಯಾಗಿರುತ್ತದೆ, ಪುಡಿಯೂ ಇರುತ್ತದೆ, ನೀರು ಬಿದ್ದರೆ ಒತ್ತಾಗಿ ಕೂತುಬಿಡುತ್ತದೆ. ತೊಳೆದ, ದುಂಡು ಕಾಳಿನ ಹೊಳೆ ಮರಳೇ ಬೇಕು. ಹೇಮಾವತಿ ಹುಟ್ಟುವುದು ನಮ್ಮ ತಾಲೂಕಿನಲ್ಲೇ. ಆ ಹೊಳೆಯಿಂದ ಕದ್ದು ತಂದ ಒಂದು ಬುಟ್ಟಿ ಮರಳೂ ನಮಗೆ ಬೇಡ, ಪರ್ಮಿಟ್ ಇರುವುದನ್ನೇ ಕೊಡಿಸಿ.

ಈ ಲೆಕ್ಕ ನೋಡಿದ ಮೇಲೆ ಹಳೆಯ ಜಾರುಬಂಡೆಯನ್ನು ತೆಗೆಯಲೇಬೇಕಾಗಿದೆ, ಅದು 6 ಅಡಿ ಎತ್ತರವಿದೆ. ಹೊಸದನ್ನು ಶಾಲೆಯ ಹಿಂದಿನ ದಿಬ್ಬದ ಇಳಿಜಾರಿನ ಮೇಲೆಯೇ ಮಲಗಿಸುತ್ತೇವೆ. ಆಗ ಮಕ್ಕಳು ದಿಬ್ಬ ಹತ್ತಿ ಹೋಗಿ ಜಾರುತ್ತಾರೆ. ಮೆಟ್ಟಿಲೂ ಇಲ್ಲ, ಮೇಲಿನಿಂದ ಬೀಳುವ ಮಾತೂ ಇಲ್ಲ. ಮಲೆನಾಡಿನವರಿಗೆ ದಿಬ್ಬಕ್ಕೇನು ಕೊರತೆ! ಅದರ ಪಕ್ಕದಲ್ಲಿ 4 ಅಡಿ ಎತ್ತರದ, ಹತ್ತಿ ಇಳಿಯುವ ಕಬ್ಬಿಣದ ಚೌಕಟ್ಟು ಬರುತ್ತದೆ.

ಜೋಕಾಲಿ ಮಾತ್ರ ಸದ್ಯಕ್ಕೆ ಇಲ್ಲ. ಮಕ್ಕಳು ಕೇಳಿದ್ದೇ ಅದನ್ನು, ನಮಗೂ ಬೇಜಾರಿದೆ. ಜೋಕಾಲಿಗೆ ಬೀಳುವ ಎತ್ತರವನ್ನು ಸರಪಳಿ ಕಟ್ಟುವ ಮೇಲಿನ ಕಂಬಿಯಿಂದ ಅಳೆಯುತ್ತಾರೆ, ಮರಳು ಅಷ್ಟು ಎತ್ತರ ತಡೆಯುವುದಿಲ್ಲ. ಹಿಂದೆ ಮುಂದೆ ಕಂಬಿಯ ಎತ್ತರದ ಎರಡರಷ್ಟು ಜಾಗವೂ ಬೇಕು. ಪರೀಕ್ಷೆ ಮಾಡಿದ ದಪ್ಪ ರಬ್ಬರ್ ಹಾಸು ಹಾಕಿದರೆ ಆಗುತ್ತದೆ. ಅದು ದುಬಾರಿ, ಬಿಸಿಲಿಗೆ ಕಾದು ಬಿಸಿಯಾಗುತ್ತದೆ, ಆದ್ದರಿಂದ ನೇರಳೆ ಮರದ ನೆರಳಿನಲ್ಲೇ ಜಾಗ ಗುರುತಿಸಿದ್ದೇವೆ. ಯಾರಾದರೂ ಅದೊಂದನ್ನು ವಹಿಸಿಕೊಂಡರೆ ಮಕ್ಕಳಿಗೆ ಜೋಕಾಲಿ ಸಿಗುತ್ತದೆ.

ಇಷ್ಟೆಲ್ಲ ಮಾಡಿದರೂ ಯಾವ ಮಗುವೂ ಬೀಳುವುದಿಲ್ಲ, ಕೈ ಉಳುಕುವುದಿಲ್ಲ ಎಂದು ನಾವು ಹೇಳುವುದಿಲ್ಲ. ಮರಳು ಮುಖ್ಯವಾಗಿ ತಲೆಗೆ ಬೀಳುವ ಪೆಟ್ಟಿನಿಂದ ಕಾಯುತ್ತದೆ. ಹಾಗಂತ ಮಕ್ಕಳನ್ನು ಒಳಗೆ ಕೂರಿಸಿದರೆ ಬೇರೆ ತೊಂದರೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಏದುಸಿರು ಬರುವಂತೆ ಮೈ ದಣಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂಳೆ ಗಟ್ಟಿಯಾಗುವುದು ಆಟದಿಂದಲೇ. ಹಗಲು ಬೆಳಕಿನಲ್ಲಿ ಹೊರಗೆ ಆಡುವ ಮಕ್ಕಳಿಗೆ ದೂರದ್ದು ಮಸುಕಾಗುವ ಕಣ್ಣಿನ ತೊಂದರೆಯೂ ಕಡಿಮೆ. ನಮ್ಮ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವವರು. ಕಾಫಿ ಕೊಯ್ಲಿನ ದಿನಗಳಲ್ಲಿ ಅಪ್ಪ ಅಮ್ಮ ಕತ್ತಲಾಗುವವರೆಗೆ ತೋಟದಲ್ಲಿರುತ್ತಾರೆ. ಮನೆಯಲ್ಲಿದ್ದರೆ ಮೊಬೈಲ್. ಈ ಮಕ್ಕಳಿಗೆ ಆಟ ಅಂತ ಸಿಗುವುದು ಶಾಲೆಯ ಅಂಗಳದಲ್ಲೇ.

ಈಗ ನಿಮ್ಮಿಂದ ಬೇಕಾಗಿರುವುದು. 30 ಅಡಿ ಉದ್ದ, 20 ಅಡಿ ಅಗಲದ ಜಾಗಕ್ಕೆ ಒಂದು ಅಡಿ ಮರಳು ಎಂದರೆ 600 ಘನ ಅಡಿ, ಟ್ರ್ಯಾಕ್ಟರಿನಲ್ಲಿ ಸುಮಾರು ಆರು ಲೋಡು. ಅದರ ಕೆಳಗೆ ನೀರು ಬಸಿಯಲು 6 ಇಂಚು ಜಲ್ಲಿ, ಅಂದರೆ ಮೂರು ಲೋಡು, ತೂತಿನ ಪಿವಿಸಿ ಪೈಪು, ಮರಳು ಜಲ್ಲಿ ಬೆರೆಯದಂತೆ ನಡುವೆ ಹಾಸುವ ಜಿಯೋ ಬಟ್ಟೆ. ನೀರು ಬಸಿಯದಿದ್ದರೆ ಜೂನ್ ಮಳೆಗೇ ಅದು ಕೆಸರು ಗುಂಡಿಯಾಗುತ್ತದೆ. ಗುಂಡಿ ತೆಗೆಯಲು ಒಂದು ದಿನ ಜೆಸಿಬಿ ಬೇಕು. ರಾತ್ರಿ ನಾಯಿ ಬೆಕ್ಕು ಗಲೀಜು ಮಾಡದಂತೆ ಮುಚ್ಚಲು ನರ್ಸರಿಯ ಹಳೆಯ ಶೇಡ್ ನೆಟ್ ಇದ್ದರೆ ಅದನ್ನೂ ಕೊಡಿ. ಒಂದು ಲೋಡು ಮರಳು ಒಬ್ಬರಿಗೆ ಭಾರವಾದರೆ ನಾಲ್ಕು ಜನ ಸೇರಿ ಕೊಡಿ. ನೂರು ರೂಪಾಯಿ ಕೊಟ್ಟರೂ ಸಂತೋಷದಿಂದ ತೆಗೆದುಕೊಳ್ಳುತ್ತೇವೆ.

ಆಮೇಲೆ ನೋಡಿಕೊಳ್ಳುವುದು ನಮ್ಮ ಹೊಣೆ. ಚೌಕಟ್ಟಿನ ಕಾಲುಗಳಿಗೆ ಮರಳು ಇರಬೇಕಾದ ಮಟ್ಟದಲ್ಲಿ ಬಣ್ಣದ ಗೆರೆ ಎಳೆಯುತ್ತೇವೆ. ಗೆರೆ ಕಂಡರೆ ಮರಳು ತಗ್ಗಿದೆ ಎಂದು ಮಕ್ಕಳಿಗೂ ಗೊತ್ತಾಗುತ್ತದೆ. ಪ್ರತಿ ಶನಿವಾರ ಮರಳು ಕೆದಕಿ, ಗಾಜು ಮುಳ್ಳು ಆರಿಸಿ, ಸಮ ಮಾಡುತ್ತೇವೆ.

ಹಣ ಕೊಡುವವರು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಕೊಟ್ಟು ರಸೀದಿ ಪಡೆಯಿರಿ, ಇಲ್ಲವೇ ಎಸ್‌ಡಿಎಂಸಿ ಖಾತೆಗೆ ಹಾಕಿ. ಖಾತೆಯ ವಿವರ ಶಾಲೆಯಲ್ಲಿ ಸಿಗುತ್ತದೆ. ರಸೀದಿ ಇಲ್ಲದೆ ಯಾರ ಕೈಗೂ ಹಣ ಕೊಡಬೇಡಿ. ಬಂದದ್ದು, ಖರ್ಚಾದದ್ದು ಎರಡನ್ನೂ ನೋಟಿಸ್ ಬೋರ್ಡಿನಲ್ಲಿ ಹಾಕುತ್ತೇವೆ. ಕೆಲಸ ಬೇಸಿಗೆ ರಜೆಯಲ್ಲೇ ಮುಗಿಯಬೇಕು. ರಜೆ ಶುರುವಾದ ಮೊದಲ ಭಾನುವಾರ ಬೆಳಗ್ಗೆ ಎಂಟಕ್ಕೆ ಶ್ರಮದಾನ ಇದೆ. ಗುದ್ದಲಿ, ಬಾಣಲಿ ಇದ್ದವರು ತನ್ನಿ. ತಿಂಡಿಗೆ ಅಕ್ಕಿರೊಟ್ಟಿ, ಕಾಫಿ ಶಾಲೆಯಲ್ಲೇ ಇರುತ್ತದೆ.