ಮಗಳಿಗೊಂದು ಪತ್ರ: ಗೋಡೆಯ ಮೇಲಿನ ಬಸವನಹುಳು

ಮುನಿರಾಬಾದ್,
ಭಾನುವಾರ, ಬೆಳಗಿನ ಜಾವ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾಳೆ ರಾತ್ರಿ ನೀನು ಆಸ್ಟ್ರೇಲಿಯಾಕ್ಕೆ ವಿಮಾನ ಹತ್ತುವೆ. ಹೋಗಬೇಡವೆಂದು ನಾನು ತೆಗೆದ ನಿನ್ನೆಯ ಜಗಳ ಇಬ್ಬರಿಗೂ ನೆನಪಿದೆ, ಅದನ್ನು ಮತ್ತೆ ಬರೆಯುವುದಿಲ್ಲ. ಆದರೆ ನನ್ನನ್ನು ಬಸವನಹುಳು ಎಂದೆಯಲ್ಲ, ಆ ಮಾತಿನಿಂದ ನಮ್ಮ ಹಿತ್ತಲ ಗೋಡೆಯ ಹುಳು ನೆನಪಾಗಿ ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ.

ನಿನಗಾಗ ಎಂಟು ವರ್ಷ. ಯುಗಾದಿ ಕಳೆದು ಬಿಸಿಲು ಏರಿದ ದಿನಗಳು. ಮಳೆಗಾಲ ಮುಗಿದ ಮೇಲೆ ಬಸವನಹುಳು ಗೋಡೆಗೆ ಅಂಟಿಕೊಂಡು, ತನ್ನ ಲೋಳೆಯನ್ನೇ ಒಣಗಿಸಿ ಚಿಪ್ಪಿನ ಬಾಯಿಗೆ ಕಾಗದದಂಥ ಪೊರೆ ಕಟ್ಟಿ, ಉಣ್ಣದೆ, ಅಲುಗದೆ, ಮುಂದಿನ ಮಳೆಯವರೆಗೆ ಕಾಯುತ್ತದೆ. ಒಳಗಿನ ತೇವವೇ ಅದರ ಜೀವ. ನೀನು ಹೇರ್‌ಪಿನ್ನಿನಿಂದ ಆ ಪೊರೆ ಕಿತ್ತು ಒಳಗೆ ಇಣುಕುತ್ತಿದ್ದೆ. ಊರ ಮಕ್ಕಳಿಗೆಲ್ಲ ವಿಜ್ಞಾನ ಹೇಳುತ್ತಿದ್ದ ನಾನು, ನಿನಗೆ ಇಷ್ಟನ್ನು ತಿಳಿಸಿ ಹೇಳುವ ಬದಲು ಕೈಮೇಲೆ ಬಾರಿಸಿದೆ. ಮೂರನೆಯ ದಿನ ಹುಳು ಗೋಡೆಯಿಂದ ಕಳಚಿ ಬಿದ್ದಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಂದು, "ಅಪ್ಪಾ, ಮಳೆ ಬಂದರೆ ಏಳುತ್ತದಲ್ಲ?" ಎಂದು ಕೇಳಿದೆ. ನಾನು ಹೌದು ಎಂದೆ. ಮೃಗಶಿರಾ ಮಳೆ ಬಿದ್ದ ದಿನ ಆ ಚಿಪ್ಪನ್ನು ಸೂರಿನ ಹನಿಗೆ ಹಿಡಿದು ನಿಂತ ನಿನ್ನನ್ನು ಒಳಗೆ ಕರೆಯಲು ನನಗೆ ಬಾಯಿ ಬರಲಿಲ್ಲ. ಹೊಡೆದದ್ದನ್ನೂ ಆ ಸುಳ್ಳನ್ನೂ ಕ್ಷಮಿಸು.

ಚಳಿಗಾಲದಲ್ಲಿ ತುಂಗಭದ್ರೆಯ ಹಿನ್ನೀರಿನ ಕೆಸರಿನಲ್ಲಿ ಕೊಕ್ಕೂರಿ ನಡೆಯುವ ಹಕ್ಕಿಗಳನ್ನು ತೋರಿಸುತ್ತಿದ್ದೆನಲ್ಲ, ಗಾಡ್‌ವಿಟ್ ಎಂಬ ವಲಸೆ ಹಕ್ಕಿಯೂ ಅವುಗಳ ಬಳಗದ್ದೇ. 2022ರಲ್ಲಿ ಅದರ ಐದು ತಿಂಗಳ ಮರಿಯೊಂದು ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ 11 ದಿನ ಎಲ್ಲಿಯೂ ಇಳಿಯದೆ 13,560 ಕಿಲೋಮೀಟರ್ ಹಾರಿತು. ಹೊರಡುವ ಮುನ್ನ ಈ ಹಕ್ಕಿಗಳು ತಿಂದು ತಿಂದು ಕೊಬ್ಬು ತುಂಬಿಕೊಂಡು, ಆಮೇಲೆ ಜಠರವನ್ನೂ ಕರುಳನ್ನೂ ಕುಗ್ಗಿಸಿಕೊಂಡು ಹಗುರಾಗುತ್ತವೆ. ಹುಳು ಕೂತಲ್ಲಿ ಉಪವಾಸ, ಹಕ್ಕಿ ಹಾರುತ್ತ ಉಪವಾಸ. ನನಗೆ ಕೂತು ಕಾಯುವುದು ಒಗ್ಗಿತು; ನಿನ್ನನ್ನೂ ಹಾಗೆ ಕೂಡಿಸಲು ನೋಡಿದ್ದು ತಪ್ಪು. ನೀನು ಆಸ್ಟ್ರೇಲಿಯಾಕ್ಕೆ ಹೊರಟಿರುವುದನ್ನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ.

ಆದರೆ ಇಳಿದ ಹಕ್ಕಿ ಮೇಯ್ದು ಒಡಲನ್ನು ಮತ್ತೆ ಬೆಳೆಸಿಕೊಳ್ಳಲೇಬೇಕು, ನೀನೋ ಓದಲು ಕೂತರೆ ಊಟ ಮರೆಯುವವಳು. ಬರಿಹೊಟ್ಟೆಯಲ್ಲಿ ಮನೆ ಬಿಡಬೇಡ. ನಡುರಾತ್ರಿಯವರೆಗೆ ಎಚ್ಚರವಿರಬೇಡ. ಹಣ ಸಾಲದಿದ್ದರೆ ಮುಚ್ಚಿಡದೆ ತಿಳಿಸು, ಜ್ವರ ಬಂದರೆ ಅಂದೇ ತಿಳಿಸು.

ಆ ಚಿಪ್ಪು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ತಪಾಸಣೆ ಬಿಗಿಯಾದ್ದರಿಂದ ನಿನ್ನ ಜೊತೆ ಕಳಿಸುತ್ತಿಲ್ಲ. ಅವ್ವ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳನ್ನು ಇಳಿಯುವ ಮುನ್ನ ತುಂಬುವ ಅರ್ಜಿಯಲ್ಲಿ ತಪ್ಪದೆ ಬರೆ.

ನಿನ್ನ ಅಪ್ಪ