ಕುರ್ಚಿ ಬಂದಿದೆ

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಕುರ್ಚಿ ಬಂದಿದೆ. ನಾಟಕದ ತಾಲೀಮಿಗೆ ಹೋದ ದಿನ ನಾನು ಮೆಟ್ಟಿಲಲ್ಲಿ ಬಿದ್ದು ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡೆನೆಂದು ನೀನು ಕಳಿಸಿದ ಕುರ್ಚಿ. ಮಂಗಳವಾರ ಮಧ್ಯಾಹ್ನ ಇಬ್ಬರು ಹೊತ್ತು ತಂದು ನಡುಮನೆಯಲ್ಲಿ ಇಳಿಸಿ ಹೋದರು. ಇನ್ನೂ ರಟ್ಟಿನ ಪೆಟ್ಟಿಗೆಯಲ್ಲೇ ಇದೆ. ಹದಿನೈದು ದಿನಗಳ ಹಿಂದೆ ಮಾತಿನ ನಡುವೆ ‘ಅಪ್ಪ, ಮುಂಬಾಗಿಲಿನ ಅಗಲ ಎಷ್ಟು?’ ಎಂದು ನೀನು ಕೇಳಿದ್ದು ಯಾಕೆಂದು ಆಗ ಹೊಳೆಯಿತು. ಅಳತೆ ತೆಗೆದುಕೊಳ್ಳದೆ ನೀನು ಯಾವ ಕೆಲಸಕ್ಕೂ ಕೈ ಹಾಕುವವಳಲ್ಲ. ಪೆಟ್ಟಿಗೆ ಬಾಗಿಲಿಗೆ ಒಂದಿಷ್ಟೂ ತಾಗದೆ ಒಳಗೆ ಬಂದಾಗ, ಸಿಟ್ಟಿನ ನಡುವೆಯೂ ಹೆಮ್ಮೆಯಾಯಿತು.

ಜೊತೆಗಿದ್ದ ಪುಸ್ತಿಕೆಯನ್ನು ಪೂರ್ತಿ ಓದಿದೆ. ಒಂದು ಗುಂಡಿ ಒತ್ತಿದರೆ ಕಾಲು ಮೇಲೆತ್ತುತ್ತದೆ. ಇನ್ನೊಂದು ಒತ್ತಿದರೆ ಕುಳಿತವನನ್ನು ಮುಂದಕ್ಕೆ ವಾಲಿಸಿ ತಾನೇ ಎಬ್ಬಿಸಿ ನಿಲ್ಲಿಸುತ್ತದೆ. ಅದನ್ನು ಓದಿದ ಬಿಸಿಯಲ್ಲೇ ನಿನಗೆ ಫೋನ್ ಮಾಡಿದ್ದು ತಪ್ಪಾಯಿತು. ‘ಕುರ್ಚಿಯ ಜೊತೆಗೆ ಒಂದು ಹಗ್ಗವನ್ನೂ ಕಳಿಸಿದ್ದರೆ ಕಟ್ಟಿಕೊಂಡು ಕೂರುತ್ತಿದ್ದೆ’ ಎಂದೆನಲ್ಲ, ಅದು ಮಗಳಿಗೆ ಆಡುವ ಮಾತಲ್ಲ. ಅಂದಿನಿಂದ ಸರಿಯಾಗಿ ನಿದ್ದೆ ಬಂದಿಲ್ಲ. ಮತ್ತೆ ಫೋನ್ ಮಾಡದೆ ಬರೆಯುವುದಕ್ಕೆ ಇನ್ನೊಂದು ಕಾರಣವಿದೆ, ಆಮೇಲೆ ಹೇಳುತ್ತೇನೆ.

ನಿನ್ನ ಅಮ್ಮ ಹೋದ ನಂತರದ ವರ್ಷದ ವಿಷಯ ಎತ್ತುವುದಿಲ್ಲ. ಅದು ನಿನಗೂ ಗೊತ್ತು, ನನಗೂ ಗೊತ್ತು. ನಿನಗೆ ಗೊತ್ತಿಲ್ಲದ್ದು ನಿನ್ನ ಅಜ್ಜಿಯ ಕುರ್ಚಿಯ ಕಥೆ.

ಅಜ್ಜಿ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಮಹಡಿ ಮೆಟ್ಟಿಲಲ್ಲಿ ಜಾರಿದಳು, ಕೈಯಲ್ಲಿ ಒಗೆದ ಬಟ್ಟೆಯ ಬಕೆಟ್ಟಿತ್ತು. ಮೂಳೆ ಮುರಿಯಲಿಲ್ಲ, ಮೊಣಕೈ ತರಚಿತ್ತು ಅಷ್ಟೆ. ಮರುದಿನವೇ ನಾನು ಕಿಟಕಿಯ ಪಕ್ಕದಲ್ಲಿ ಬೆತ್ತದ ಕುರ್ಚಿ ಹಾಕಿಸಿದೆ. ‘ಅಮ್ಮ, ಇನ್ನು ನೀನು ಸುಮ್ಮನೆ ಕೂತುಕೋ’ ಎಂದೆ. ಮೊದಲು ಬಕೆಟ್ ಕಿತ್ತುಕೊಂಡೆ. ಆಮೇಲೆ ಪೊರಕೆ, ಆಮೇಲೆ ಮನೆಯ ಬೀಗದ ಕೈ. ಸಂಜೆ ಮೂರನೆಯ ಮನೆಗೆ ಹೋಗಿ ನಾಲ್ಕು ಜನ ಹೆಂಗಸರ ಜೊತೆ ಹಾಡುತ್ತಿದ್ದಳು. ದಾರಿಯಲ್ಲಿ ವಾಹನಗಳು ಜಾಸ್ತಿ ಎಂದು ಅದನ್ನೂ ನಿಲ್ಲಿಸಿದೆ. ನೆಂಟರೆಲ್ಲ, ತಾಯಿಯನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಾನೆ ಎಂದರು. ನಾನು ಅದನ್ನು ಕೇಳಿ ಹಿಗ್ಗಿದೆ.

ಒಂದು ರಾತ್ರಿ ನೀರು ಕುಡಿಯಲು ಎದ್ದೆ. ಅವಳ ಕೋಣೆಯಲ್ಲಿ ದೀಪವಿತ್ತು. ಬೀರು ತೆರೆದಿತ್ತು. ನೆಲದ ಮೇಲೆ ಕುಳಿತು, ಮಡಿಸಿಟ್ಟ ಬಟ್ಟೆಗಳನ್ನು ಒಂದೊಂದಾಗಿ ತೆಗೆದು, ಕೊಡವಿ ಬಿಡಿಸಿ, ಮತ್ತೆ ಮಡಿಸುತ್ತಿದ್ದಳು. ಎಡಗಡೆ ಒಂದು ರಾಶಿ, ಬಲಗಡೆ ಒಂದು ರಾಶಿ. ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಒತ್ತಿ, ಎಷ್ಟು ಒಪ್ಪವಾಗಿ ಮಡಿಸುತ್ತಿದ್ದಳೆಂದರೆ ನಾನು ಕ್ಷಣಕಾಲ ಬಾಗಿಲಲ್ಲೇ ನಿಂತುಬಿಟ್ಟೆ. ಆಮೇಲೆ ಗದರಿದೆ: ‘ಮಡಿಸಿದ್ದನ್ನೇ ಯಾಕೆ ಮಡಿಸುತ್ತಿದ್ದೀಯ? ತಲೆ ಸರಿ ಇದೆಯೋ ಇಲ್ಲವೋ?’ ಅವಳು ನನ್ನನ್ನು ನೋಡಿದ್ದು ಕದಿಯುವಾಗ ಸಿಕ್ಕಿಬಿದ್ದವಳ ಹಾಗೆ. ಕೈಯಲ್ಲಿದ್ದ ಟವೆಲನ್ನು ಹಾಗೆಯೇ ಅರ್ಧಕ್ಕೆ ಬಿಟ್ಟಳು.

ಮರುದಿನ ಬೀರುವಿಗೆ ಬೀಗ ಹಾಕಿದೆ.

ಆಗ ನಿನಗೆ ಆರು ವರ್ಷ. ಗೊಂಬೆಯ ಅಂಗಿಗಳನ್ನೆಲ್ಲ ಸುಕ್ಕು ಮಾಡಿ ತಂದು ‘ಅಜ್ಜಿ, ಇವನ್ನು ಮಡಿಸಿಕೊಡು’ ಎಂದು ಅವಳ ಮಡಿಲಿಗೆ ಸುರಿಯುತ್ತಿದ್ದೆ. ನಿನಗೆ ನೆನಪಿಲ್ಲ ಎಂದು ಕಾಣುತ್ತದೆ. ಇಡೀ ಮನೆಯಲ್ಲಿ ಅವಳಿಗೆ ಏನು ಬೇಕೆಂದು ತಿಳಿದಿದ್ದು ನಿನಗೊಬ್ಬಳಿಗೇ.

ನಾಲ್ಕು ವರ್ಷ ಆ ಕುರ್ಚಿಯಲ್ಲಿ ಕುಳಿತಳು. ‘ಇವತ್ತು ಯಾವ ವಾರ?’ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ವಯಸ್ಸಿನ ಮರೆವು ಎಂದುಕೊಂಡೆ. ಇದ್ದರೂ ಇರಬಹುದು. ಆದರೆ ಏಳು ದಿನವೂ ಒಂದೇ ಕಿಟಕಿ ಎಂದಾದರೆ ವಾರಕ್ಕೊಂದು ಹೆಸರು ಯಾಕೆ ಬೇಕು? ಈ ಪ್ರಶ್ನೆ ನನಗೆ ಹುಟ್ಟಿದ್ದು ಅವಳು ಹೋಗಿ ಇಪ್ಪತ್ತು ವರ್ಷಗಳಾದ ಮೇಲೆ, ನಾನೂ ನಿವೃತ್ತನಾಗಿ ಮನೆಯಲ್ಲಿ ಕುಳಿತ ಮೇಲೆ.

ಅಂಕಿ ಇಲ್ಲದೆ ನೀನು ಏನನ್ನೂ ನಂಬುವುದಿಲ್ಲ, ಆ ಗುಣ ನನ್ನಿಂದಲೇ ಬಂದದ್ದು. ಹಾಗಾಗಿ ಕೇಳು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಕಾಲುಗಳಿಂದ ಸುಮಾರು ಒಂದು ಕಿಲೋದಷ್ಟು ಸ್ನಾಯು ಕರಗಿಹೋಗಿತ್ತು. ಹತ್ತೇ ದಿನ! ನಾನು ಅಮ್ಮನಿಗೆ ಕೊಟ್ಟಿದ್ದು ನಾಲ್ಕು ವರ್ಷದ ವಿಶ್ರಾಂತಿ. ಬಿದ್ದೇನು ಎಂಬ ಹೆದರಿಕೆಯಿಂದ ಓಡಾಟ ಬಿಟ್ಟರೆ ಕಾಲು ಸೋಲುತ್ತದೆ, ಕಾಲು ಸೋತರೆ ಬೀಳುವುದು ಇನ್ನೂ ಸುಲಭವಾಗುತ್ತದೆ. ಅರವತ್ತೈದು ದಾಟಿದವರೂ ವಾರಕ್ಕೆ 150ರಿಂದ 300 ನಿಮಿಷ ಚುರುಕಾಗಿ ನಡೆಯುವಂಥ ಶ್ರಮ ಮಾಡಬೇಕು, ವಾರದಲ್ಲಿ ಮೂರು ದಿನವಾದರೂ ಸಮತೋಲನಕ್ಕೆ ಮತ್ತು ಶಕ್ತಿಗೆ ವ್ಯಾಯಾಮ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನನ್ನ ದಿನಚರಿಯಲ್ಲಿ ಜಮಾ ಬರೆಯುತ್ತಿದ್ದೇನೆ. ಬೀಳುವ ಹಿಂದಿನ ವಾರ 180 ನಿಮಿಷ.

ಕುರ್ಚಿಯನ್ನೂ ಬಳಸುತ್ತೇನೆ, ಹಳೆಯ ಮರದ್ದನ್ನು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ಎಂಬ ಪರೀಕ್ಷೆಯಿದೆ. ಎಪ್ಪತ್ತರಿಂದ ಎಪ್ಪತ್ನಾಲ್ಕರ ಗಂಡಸು ಹನ್ನೆರಡಕ್ಕಿಂತ ಕಡಿಮೆ ಎದ್ದರೆ ಬೀಳುವ ಅಪಾಯ ಹೆಚ್ಚು ಎಂದು ಲೆಕ್ಕ. ಕಳೆದ ವರ್ಷ ಒಂಬತ್ತಕ್ಕೇ ಏದುಸಿರು ಬಂದಿತ್ತು. ನಿನ್ನೆ ಹದಿಮೂರು. ಈ ಪರೀಕ್ಷೆಯಲ್ಲಿ ಕೈ ಊರುವಂತಿಲ್ಲ, ಆದ್ದರಿಂದ ಎಡಗೈಯ ಪ್ಲಾಸ್ಟರ್ ಅಡ್ಡಿಯಾಗಲಿಲ್ಲ. (ನೀನೂ ಮಾಡಿ ನೋಡು. ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುವವಳು ನನಗೆ ಕುರ್ಚಿ ಕಳಿಸಿದ್ದೀಯ.)

ನೋಡು, ಉಪದೇಶ ಬೇಡವೆಂದು ಕುಳಿತವನು ಎಲ್ಲಿಗೆ ಬಂದೆ.

ನಾಟಕದ ವಿಷಯ. ‘ಈ ವಯಸ್ಸಿನಲ್ಲಿ ಯಾಕಪ್ಪ ಬೇಕಿತ್ತು?’ ಎಂದು ನೀನು ಕೇಳಿದೆ. ಹಾಡು, ಕುಣಿತ, ಚಿತ್ರ, ನಾಟಕಗಳು ಆರೋಗ್ಯಕ್ಕೆ ಏನು ಮಾಡುತ್ತವೆ ಎಂದು ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿದ ವಿಶ್ವ ಆರೋಗ್ಯ ಸಂಸ್ಥೆಯ ವರದಿಯೇ 2019ರಲ್ಲಿ ಬಂದಿದೆ. ಅದನ್ನು ನಿನ್ನ ಮುಂದೆ ಹಿಡಿದು ವಾದ ಗೆಲ್ಲಬಹುದು. ಆದರೆ ನಾನು ಅಲ್ಲಿಗೆ ಮಾತ್ರೆ ನುಂಗುವ ಹಾಗೆ ಹೋಗುತ್ತಿಲ್ಲ. ನನ್ನದು ಕಾವಲುಗಾರನ ಪಾತ್ರ, ಒಟ್ಟು ಹನ್ನೊಂದು ಮಾತು. ಮೂರನೆಯದನ್ನು ಪ್ರತಿ ಸಲವೂ ತಪ್ಪುತ್ತಿದ್ದೆ. ನಿರ್ದೇಶಕಿ ನಿನಗಿಂತ ಚಿಕ್ಕವಳು. ಎಲ್ಲರ ಎದುರು ನನ್ನನ್ನು ಬೈದಳು. ಮನೆಗೆ ಬರುವ ದಾರಿಯುದ್ದಕ್ಕೂ ಖುಷಿಯೋ ಖುಷಿ. ನನ್ನಿಂದ ಒಂದು ಕೆಲಸ ಸರಿಯಾಗಿ ಆಗಬೇಕೆಂದು ಯಾರೋ ಪಟ್ಟು ಹಿಡಿದು ಎಷ್ಟು ವರ್ಷವಾಗಿತ್ತು! ನೀವೆಲ್ಲ ನನ್ನ ತಪ್ಪುಗಳನ್ನು ಮನ್ನಿಸುತ್ತೀರಿ. ಅಮ್ಮನ ಟವೆಲಿನ ಅಂಚು ಕೂಡಿತೋ ಇಲ್ಲವೋ ಎಂದು ಕೇಳುವವರೂ ಯಾರೂ ಇರಲಿಲ್ಲ.

ಅದೇ ಟವೆಲು, ಅದೇ ಬೀಗ. ನಿನ್ನ ತಪ್ಪಿಲ್ಲ ಮಗಳೇ. ನೀನು ಪ್ರೀತಿಯಿಂದಲೇ ಕಳಿಸಿದ್ದೀಯ. ನಾನು ಬೀಗ ಹಾಕಿದ್ದೂ ಪ್ರೀತಿಯಿಂದಲೇ, ಅದಕ್ಕೇ ಹೆದರಿಕೆ.

ಈಗ ಆ ಇನ್ನೊಂದು ಕಾರಣ. ಮೆಟ್ಟಿಲು ಒದ್ದೆಯಾಗಿತ್ತು ಎಂದಿದ್ದೆ. ಸುಳ್ಳು. ಅಂದು ತಾಲೀಮಿನಲ್ಲಿ ಎದುರು ಪಾತ್ರದ ಹೆಂಗಸು ‘ಸಾಕು’ ಎಂದೊಡನೆ ನಾನು ತಿರುಗಬೇಕಿತ್ತು. ತಿರುಗಲಿಲ್ಲ, ಕೇಳಿಸಲಿಲ್ಲ. ಮೂರು ಸಲ ಹೇಳಿಸಿದರು. ಯಾರೋ ನಕ್ಕರು. ಅವಮಾನವಾಗಿ, ಮೆಟ್ಟಿಲಿನ ದೀಪ ಹಾಕುವುದಕ್ಕೂ ತಾಳ್ಮೆಯಿಲ್ಲದೆ ಇಳಿದೆ. ಕಣ್ಣಿಗೆ ಹೊಸ ಕನ್ನಡಕ ಬೇರೆ. ಅದರ ಕೆಳಭಾಗ ಓದುವುದಕ್ಕೆ ಮಾಡಿದ್ದು, ಅಲ್ಲಿಂದ ನೋಡಿದರೆ ಮೆಟ್ಟಿಲಿನ ಅಂಚು ಕದಡಿದಂತೆ ಕಾಣುತ್ತದೆ. ಅಂದರೆ ಬೀಳಿಸಿದ್ದು ನಾಟಕವಲ್ಲ, ನನ್ನ ಜಂಬ.

ವಯಸ್ಸಾದ ಕಿವಿಗೆ ಮೊದಲು ತಪ್ಪುವುದು ಎತ್ತರದ ಸ್ಥಾಯಿಯ ಸದ್ದುಗಳಂತೆ. ಸ್ವರಗಳು ಉಳಿಯುತ್ತವೆ, ವ್ಯಂಜನಗಳು ಜಾರುತ್ತವೆ. ಸ, ಶ, ತ, ಕ ಎಲ್ಲ ಮಸುಕು. ಯಾರೋ ಮಾತನಾಡುತ್ತಿದ್ದಾರೆ ಎಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ಎರಡು ವರ್ಷದಿಂದ ನಿನಗೆ ‘ನೆಟ್‌ವರ್ಕ್ ಸರಿಯಿಲ್ಲ’ ಎನ್ನುತ್ತಿದ್ದೆನಲ್ಲ, ನೆಟ್‌ವರ್ಕಿಗೆ ಏನೂ ಆಗಿರಲಿಲ್ಲ. ಮರೆಗುಳಿತನಕ್ಕೆ ದಾರಿಯಾಗುವ, ಸರಿಪಡಿಸಿಕೊಂಡರೆ ಅದನ್ನು ತಡೆಯಬಹುದಾದ ಅಥವಾ ಮುಂದೂಡಬಹುದಾದ ಹದಿನಾಲ್ಕು ಕಾರಣಗಳ ಪಟ್ಟಿಯೊಂದನ್ನು 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ ಪ್ರಕಟಿಸಿತ್ತು. ಅದನ್ನು ಬರೆದಿಟ್ಟುಕೊಂಡು ಒಂದೊಂದೇ ಗುರುತು ಹಾಕಿದ್ದೆ: ರಕ್ತದೊತ್ತಡ ಸರಿ, ನಡಿಗೆ ಸರಿ, ಜನರ ಒಡನಾಟ ಸರಿ. ಶ್ರವಣದೋಷ ಎಂಬ ಸಾಲನ್ನು ಮಾತ್ರ ಹಾರಿಸಿದೆ. ಮೂವತ್ತನಾಲ್ಕು ವರ್ಷ ಲೆಕ್ಕ ಬರೆದವನು ಒಂದು ಸಾಲು ಹಾರಿಸಿದರೆ ಏನರ್ಥ ಎಂದು ನಿನಗೆ ಹೇಳಬೇಕಾಗಿಲ್ಲ.

ಸೋಮವಾರ ಕಿವಿಯ ಪರೀಕ್ಷೆ ಇದೆ. ಯಂತ್ರ ಹಾಕಿಕೊಳ್ಳಿ ಎಂದರೆ ಹಾಕಿಕೊಳ್ಳುತ್ತೇನೆ. ಮೆಟ್ಟಿಲು ಇಳಿಯುವುದಕ್ಕೆ ಬೇರೆ ಕನ್ನಡಕ ಮಾಡಿಸುತ್ತೇನೆ. ಸ್ನಾನದ ಮನೆಗೆ ಹಿಡಿಕೆ ಹಾಕಿಸು ಎಂದು ನೀನು ಮೊದಲೇ ಹೇಳಿದ್ದೆ, ಆಗ ನಕ್ಕಿದ್ದೆ, ಅದನ್ನೂ ಹಾಕಿಸುತ್ತೇನೆ. ತಾಲೀಮಿಗೆ ಮಾತ್ರ ಹೋಗುತ್ತೇನೆ, ಕಾವಲುಗಾರನ ಕೈಗೆ ಪ್ಲಾಸ್ಟರ್ ಇದ್ದರೆ ಇನ್ನೂ ಚೆನ್ನಾಗಿರುತ್ತದೆ ಎಂದಿದ್ದಾಳೆ ನಿರ್ದೇಶಕಿ. ಕುರ್ಚಿಯನ್ನು ವಾಪಸು ಕಳಿಸುವುದಿಲ್ಲ. ನೀನು ಬಂದಾಗ ಇಬ್ಬರೂ ಸೇರಿ ಬಿಚ್ಚೋಣ, ಪ್ರಯಾಣದ ಆಯಾಸಕ್ಕೆ ನೀನೇ ಮೊದಲು ಕೂರು.

ಅಂದು ಫೋನ್ ಇಡುವ ಮುಂಚೆ ನೀನು ಏನೋ ಹೇಳಿದೆ. ದನಿ ಸಣ್ಣದಾಗಿತ್ತು, ಅಳುತ್ತಿದ್ದೆಯೋ ಏನೋ. ಕೇಳಿಸಿದವನ ಹಾಗೆ ‘ಸರಿ, ಸರಿ’ ಎಂದುಬಿಟ್ಟೆ. ‘ತಾಳು’ ಎಂದೆಯೋ, ‘ಹಾಳು’ ಎಂದೆಯೋ, ಇನ್ನೇನೋ. ಅದೇನೆಂದು ಬರೆದು ಕಳಿಸು. ಬೈಗುಳವಾದರೂ ಪರವಾಗಿಲ್ಲ.

ನಿನ್ನ ಅಪ್ಪ